ಖಾಲಿ ಕುರ್ಚಿಯ ಸೋಮಾರಿತನ

"ಲೇ ಕತ್ತೆ, ಖಾಲಿ ಕುರ್ಚಿನ ಯಾರಾದ್ರೂ ಕೆಲಸದಿಂದ ತೆಗೀತಾರೇನೋ?" ಎಂದರು ಮ್ಯಾನೇಜರ್ ಸಾಹೇಬರು.

ನಾನು ಅವರಿಗೆ ತೋರಿಸಿದ್ದು ಒಂದು ಫೋಟೊ. ಪ್ಯಾಕಿಂಗ್ ಶೆಡ್ಡಿನ ಒಂದು ಪ್ಲಾಸ್ಟಿಕ್ ಕುರ್ಚಿ, ಹತ್ತಿರ ನರಪಿಳ್ಳೆಯೂ ಇಲ್ಲ. ಅದರ ಕೆಳಗೆ ನನ್ನ ಪ್ರೋಗ್ರಾಂ ಕೊಟ್ಟ ಅಂಕ: ಸೋಮಾರಿತನ, ನೂರಕ್ಕೆ ತೊಂಬತ್ತಾರು.

"ಸರ್, ಅದು ಸೋಮಾರಿಗಳನ್ನ ಗುರುತಿಸೋದು ಕಲ್ತಿಲ್ಲ. ಕುರ್ಚಿ ಗುರುತಿಸೋದು ಕಲ್ತಿದೆ."

"ನಿನ್ನ ಪುರಾಣ ಯಾವನಿಗೆ ಬೇಕು? ಕೆಲಸದಿಂದ ತೆಗೆಯೋಕೆ ಹನ್ನೆರಡು ಹೆಸರು ಕೇಳ್ದೆ, ಹನ್ನೆರಡು ಬಂತು. ಬಾಯ್ಮುಚ್ಕೊಂಡು ಪ್ರಿಂಟ್ ತೆಗಿ. ಮೇಲ್ಗಡೆ ದಪ್ಪಕ್ಷರದಲ್ಲಿ ಹಾಕು, ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ."

ನಾನು ಸಂಖ್ಯಾಶಾಸ್ತ್ರ ಓದಿದ ಇಂಜಿನಿಯರ್. ಆದರೆ ಗುತ್ತಿಗೆಯವನು, ಕೊರಳಲ್ಲಿ ಗುರುತಿನ ಚೀಟಿಯ ಹಳದಿ ಪಟ್ಟಿ. ಲಿಫ್ಟು, ಕಾಫಿ ಯಂತ್ರ, ಮರ್ಯಾದೆ ಎಲ್ಲ ಕಾಯಂ ನೌಕರರಾದ ನೀಲಿ ಪಟ್ಟಿಯವರಿಗೆ. ಶೆಡ್ಡಿನ ಕ್ಯಾಮೆರಾ ತೆಗೆದ ಒಂಬತ್ತು ಸಾವಿರ ಫೋಟೊಗಳಲ್ಲಿ ದುಡಿಯುವವರು ಯಾರು, ಸೋಮಾರಿಗಳು ಯಾರು ಎಂದು ಗುರುತು ಹಾಕಿ ಕಂಪ್ಯೂಟರಿಗೆ ಕಲಿಸಬೇಕಿತ್ತು. ಕೊಟ್ಟದ್ದು ಮೂರು ದಿನ. "ಕೂತೋರೆಲ್ಲ ಸೋಮಾರಿಗಳು ಅಂತ ಹಾಕು" ಎಂದಿದ್ದರು ಸಾಹೇಬರು. ಹಾಕಿದೆ. ಎರಡನೆಯ ದಿನ ಕಣ್ಣು ಉರಿಯತೊಡಗಿದಾಗ ಮನುಷ್ಯರನ್ನು ನೋಡುವುದನ್ನೇ ಬಿಟ್ಟು, ಕುರ್ಚಿ ಕಂಡಲ್ಲೆಲ್ಲ 'ಸೋಮಾರಿ' ಗುಂಡಿ ಒತ್ತುತ್ತ ಹೋದೆ. ಕಂಪ್ಯೂಟರ್ ನನ್ನಿಂದ ಅದನ್ನೇ ಕಲಿಯಿತು, ನನಗಿಂತ ಹೆಚ್ಚು ಶ್ರದ್ಧೆಯಿಂದ.

ಆ ಹನ್ನೆರಡರಲ್ಲಿ ಮೊದಲ ಹೆಸರು ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನದು. ಮಂಡಿ ಸವೆದಿರುವುದರಿಂದ ಅವಳು ಕೂತೇ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಾಳೆ. ನಿಂತ ಇಬ್ಬರು ಮಾಡುವಷ್ಟನ್ನು ಒಬ್ಬಳೇ ಮಾಡುತ್ತಾಳೆ. ಮರುದಿನ ಮಾಲೀಕರು ಬಂದು ಸಹಿ ಹಾಕಿದರೆ ಹನ್ನೆರಡೂ ಜನ ಮನೆಗೆ.

ಮಧ್ಯಾಹ್ನ ಶೆಡ್ಡಿಗೆ ಇಳಿದು ಅವಳಿಗೆ ವಿಷಯ ಹೇಳಿದೆ.

"ಗುರುತು ಹಾಕಿದ್ಯಾರು?" ಎಂದು ಕೇಳಿದಳು.

"ನಾನೇ."

"ಫೋಟೊದಲ್ಲಿ ನನ್ನ ಕೈ ಏನ್ಮಾಡ್ತಿತ್ತು?"

"ನೋಡ್ಲಿಲ್ಲ ದೊಡ್ಡಮ್ಮ."

"ಹಾಳಾದೋನೇ, ನಿನ್ನ ಓದ್ಸೋಕೆ ನಿಂತೂ ನಿಂತೂ ಮಂಡಿ ಹೋಯ್ತು. ಈಗ ಕೂತೆ ಅಂತ ನೀನೇ ಚಾಡಿ ಹೇಳ್ದ್ಯಾ?" ಎಂದು ಟೇಪಿನ ಸುರುಳಿಯಿಂದ ತಲೆಗೆ ಕುಕ್ಕಿದಳು. ನೋವೇನೂ ಆಗಲಿಲ್ಲ. ನಾಚಿಕೆಯಾಯಿತು.

ಮರುದಿನ ಮೀಟಿಂಗ್ ರೂಮಿನ ಚಕ್ರದ ಕುರ್ಚಿಗಳಲ್ಲಿ ಮಾಲೀಕರು, ಸಾಹೇಬರು, ಮೂವರು ನೀಲಿ ಪಟ್ಟಿಯವರು ಹುದುಗಿ ಕೂತಿದ್ದರು. ಮಾಲೀಕರಿಗೆ ತೋರಿಸಲೆಂದು ಸಾಹೇಬರು ದೊಡ್ಡಮ್ಮನನ್ನೇ ಕರೆಸಿದ್ದರು. ಶೆಡ್ಡಿನವರಿಗೆ ಲಿಫ್ಟಿಲ್ಲ. ಹಿಂದಿನ ಮೆಟ್ಟಿಲಲ್ಲಿ ಮೂರು ಮಹಡಿ ಹತ್ತಿ, ಟೇಪಿನ ಸುರುಳಿಯನ್ನು ಬಳೆಯಂತೆ ಕೈಗೆ ಹಾಕಿಕೊಂಡು ಏದುಸಿರು ಬಿಡುತ್ತ ಬಂದಳು.

"ಏ ಮುದುಕಿ, ಅಲ್ಲೇ ನಿಲ್ಲು, ಕಾರ್ಪೆಟ್ ತುಳೀಬೇಡ," ಎಂದರು ಸಾಹೇಬರು. "ನೋಡಿ ಸರ್, ನಂಬರ್ ಒನ್ ಸೋಮಾರಿ. ನಾನು ಹೇಳಿದ್ದಲ್ಲ, ಕಂಪ್ಯೂಟರ್ ಹೇಳಿದ್ದು."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಮಂಡಿ ನಡುಗುವುದು ಸೀರೆಯ ಮೇಲೂ ಕಾಣುತ್ತಿತ್ತು. ಗೋಡೆಯ ಪರದೆಯ ಮೇಲೆ ನಾನು ಶೆಡ್ಡನ್ನು ತೋರಿಸಬೇಕಿತ್ತು. ತೋರಿಸಲಿಲ್ಲ. ಮೀಟಿಂಗ್ ರೂಮಿನದೇ ಕ್ಯಾಮೆರಾ ಜೋಡಿಸಿದೆ.

ಪರದೆಯ ಮೇಲೆ ಎಲ್ಲರ ತಲೆ, ತಲೆಗೊಂದು ಅಂಕ. ಸಾಹೇಬರಿಗೆ ತೊಂಬತ್ತೊಂಬತ್ತು, ಮಾಲೀಕರಿಗೆ ತೊಂಬತ್ತೆಂಟು. ಬಾಗಿಲಲ್ಲಿ ನಿಂತ ದೊಡ್ಡಮ್ಮನಿಗೆ ನಾಲ್ಕು.

"ಏನಯ್ಯಾ ಇದು?" ಎಂದರು ಮಾಲೀಕರು.

"ತಪ್ಪಿರ್ಬಹುದು ಸರ್," ಎಂದೆ. "ಆದ್ರೆ ತಪ್ಪು ಮಾಡಲ್ಲ ಅಂತ ಸಾಹೇಬ್ರು ದಪ್ಪಕ್ಷರದಲ್ಲಿ ಹಾಕ್ಸಿದ್ದಾರೆ."

ಸಾಹೇಬರು ದಡಕ್ಕನೆ ಎದ್ದರು. ಅವರ ಅಂಕ ಏಳಕ್ಕಿಳಿಯಿತು. ಅದನ್ನು ನೋಡಿ ಮೂವರು ನೀಲಿ ಪಟ್ಟಿಯವರೂ ಎದ್ದರು. ಕೊನೆಗೆ ಮಾಲೀಕರು, ಅತ್ತಿತ್ತ ನೋಡಿ, ಮೇಜು ಹಿಡಿದುಕೊಂಡು ತಮ್ಮ ಭಾರವನ್ನು ಎತ್ತಿ ನಿಲ್ಲಿಸಿದರು. ಐದೂ ಖಾಲಿ ಕುರ್ಚಿಗಳು ಮಾತ್ರ ಪರದೆಯ ಮೇಲೆ ಸೋಮಾರಿಗಳಾಗಿಯೇ ಉಳಿದವು. ಮತ್ತೆ ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಸಹಿಯಾಗದ ಪಟ್ಟಿ ಮೇಜಿನ ಮೇಲಿತ್ತು, ತೆರೆದ ಪೆನ್ನು ಮಾಲೀಕರ ಕೈಯಲ್ಲಿತ್ತು.

ದೊಡ್ಡಮ್ಮ ಕುಂಟುತ್ತ ಕಾರ್ಪೆಟ್ ತುಳಿದು ಬಂದು ಸಾಹೇಬರ ಕುರ್ಚಿಯ ಬೆನ್ನು ಹಿಡಿದಳು.

"ಏಯ್, ಬಿಡೇ ಅದನ್ನ," ಎಂದರು ಸಾಹೇಬರು.

"ನೀವು ಕೂರಲ್ವಲ್ಲ ಸಾಹೇಬ್ರೇ," ಎಂದು ಕೂತೇಬಿಟ್ಟಳು. ಪರದೆಯ ಮೇಲೆ ತೊಂಬತ್ತೊಂಬತ್ತು ಬಂತು. ಅವಳು ತಿರುಗಿಯೂ ನೋಡಲಿಲ್ಲ. ಗೋಡೆಯ ಬಳಿ ಬಾಯಿ ತೆರೆದು ಬಿದ್ದಿದ್ದ ರಟ್ಟಿನ ಪೆಟ್ಟಿಗೆಯನ್ನು ಎಳೆದುಕೊಂಡು ಪರಪರ ಟೇಪು ಸುತ್ತತೊಡಗಿದಳು.

"ಮಗಾ," ಎಂದಳು ತಲೆಯೆತ್ತದೆ, "ಈಗ್ಲಾದ್ರೂ ಕೈ ನೋಡಿ ಗುರುತು ಹಾಕು."

ನಾನು ಕೀಬೋರ್ಡ್ ಎಳೆದುಕೊಂಡೆ. ಎಲ್ಲರೂ ನೋಡುತ್ತಿರುವಂತೆಯೇ ಅವಳ ಚಿತ್ರದ ಮೇಲೆ 'ದುಡಿಯುವವಳು' ಎಂದು ಒತ್ತಿದೆ. ಆಮೇಲೆ, ಕೈ ಇಳಿಬಿಟ್ಟು ಸುಮ್ಮನೆ ನಿಂತಿದ್ದ ಐವರ ಚಿತ್ರಗಳ ಕಡೆ ಬಂದೆ.