ಮೇಸ್ತ್ರಿಯ ನಲವತ್ತೊಂದು ಚುಕ್ಕೆಗಳು

ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ವಸ್ತುಸಂಗ್ರಹಾಲಯದ ಎರಡನೇ ಕೋಣೆಯಲ್ಲಿ ನಲವತ್ತೊಂದು ಚುಕ್ಕೆಗಳು ಕಾಣೆಯಾಗಿರುವುದು ಪತ್ತೆಯಾಯಿತು. ಇಂಥ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಿರೀಟ ಕಳುವಾದರೆ ಪೊಲೀಸರಿದ್ದಾರೆ. ಚುಕ್ಕೆ ಕಳುವಾದರೆ ಯಾರ ಹತ್ತಿರ ಹೋಗುವುದು?

ಪತ್ತೆ ಹಚ್ಚಿದವಳು ಪ್ಲಾಸ್ಟರಮ್ಮ. ಸಿಕ್ಕ ಮೂಳೆಗಳ ಮಣ್ಣು ಕೆರೆದು, ಸಿಗದ ಮೂಳೆಗಳನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಇಪ್ಪತ್ತಾರು ವರ್ಷ ಅಲ್ಲೇ ಸವೆಸಿದವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಗುರುವಾರ ಹೊಸ ಪ್ರದರ್ಶನದ ಉದ್ಘಾಟನೆ. ನಾನಾ ನಾಡುಗಳ ಡ್ರ್ಯಾಗನ್‌ಗಳು ಹುಟ್ಟಿದ್ದು ನೆಲದಲ್ಲಿ ಸಿಕ್ಕ ಡೈನೋಸಾರ್ ಮೂಳೆಗಳಿಂದಲೇ ಇರಬಹುದೇ ಎಂಬುದು ಅದರ ವಿಷಯ. ಗೋಡೆಯ ತುಂಬ ಡ್ರ್ಯಾಗನ್‌ಗಳು: ಒಂದು ನಾಡಿನದು ಮಳೆ ತರುತ್ತದೆ, ಇನ್ನೊಂದರದು ನಿಧಿ ಕಾಯುತ್ತದೆ, ಮತ್ತೊಂದರದು ಬೇರೆ ಕೆಲಸವಿಲ್ಲದೆ ಊರು ಸುಡುತ್ತದೆ. ನಡುವೆ ಕಬ್ಬಿಣದ ಸರಳುಗಳ ಮೇಲೆ ನಿಂತ ಒಂದು ಅಸ್ಥಿಪಂಜರ.

ಅದು ಸಿಕ್ಕಿದ್ದು ಐವತ್ತು ವರ್ಷಗಳ ಹಿಂದೆ, ಒಂದು ಕಲ್ಲುಕ್ವಾರಿಯಲ್ಲಿ. ಮೊದಲು ಕಂಡವರು ಕ್ವಾರಿಯ ಮೇಸ್ತ್ರಿ, ಅಂದರೆ ಪ್ಲಾಸ್ಟರಮ್ಮನ ಅಪ್ಪ. ಅವರು ಅಂದೇ ಅದನ್ನು ಕಾಗದಕ್ಕೆ ಇಳಿಸಿದ್ದರು: ಕಾಲೂ ರೆಕ್ಕೆಯೂ ಇರುವ ದೊಡ್ಡದೊಂದು ಹಾವು. ಆ ಚಿತ್ರದ ಆಳೆತ್ತರದ ಪ್ರತಿ ಈಗ ಗೋಡೆಯ ಮೇಲಿತ್ತು. ಕೆಳಗೆ ಫಲಕ: ‘ಅಜ್ಞಾನಿ ಕೂಲಿಗಳು ಮೂಳೆ ಕಂಡು ಡ್ರ್ಯಾಗನ್ ಕಲ್ಪಿಸಿಕೊಂಡ ಬಗೆ.’

ಅಪ್ಪನಿಗೆ ಎಂಬತ್ತೆರಡು. ಗುರುವಾರ ಬರಲೇಬೇಕೆಂದು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದರು. ಅವರಿಗೆ ಓದಲು ಬರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಪ್ಲಾಸ್ಟರಮ್ಮ ನಿರ್ದೇಶಕರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದಳು.

“ಚುಕ್ಕೆ ಎಲ್ಲಿ ಸಾರ್?”

“ಯಾವ ಚುಕ್ಕೆ?”

ಕಲ್ಲು ಒಡೆಯುವವರದೊಂದು ಕ್ರಮವಿದೆ. ಬಂಡೆಯಲ್ಲಿ ಕಣ್ಣಿಗೆ ಕಂಡ ಬಿರುಕಿನ ಮೇಲೆ ಗೀಟು ಎಳೆಯುತ್ತಾರೆ. ಒಳಗೆ ಇದ್ದೀತು ಎಂಬ ಅನುಮಾನದ ಬಿರುಕಿಗೆ ಚುಕ್ಕೆ ಇಡುತ್ತಾರೆ. ಇವೆರಡನ್ನು ಬೆರೆಸಿದವನ ತಲೆಯ ಮೇಲೆ ಬಂಡೆಯೇ ಬರುವುದರಿಂದ ಯಾರೂ ಬೆರೆಸುವುದಿಲ್ಲ. ಮೇಸ್ತ್ರಿ ಚಿತ್ರ ಬರೆದದ್ದೂ ಹಾಗೆಯೇ. ಬೆನ್ನೆಲುಬು, ಕಾಲು, ಕೊಕ್ಕಿನಂಥ ಮೂತಿ, ಬೆನ್ನಿನ ಮೇಲೆ ಜಾರಿ ಕೂತಿದ್ದ ಎರಡು ಚಪ್ಪಟೆ ಮೂಳೆ, ಇಷ್ಟೂ ಗೀಟಿನಲ್ಲಿ. ಆ ಚಪ್ಪಟೆ ಮೂಳೆಗಳಿಂದ ಹೊರಟ ರೆಕ್ಕೆಗಳು ಮಾತ್ರ ಚುಕ್ಕೆಯಲ್ಲಿ. ಪ್ಲಾಸ್ಟರಮ್ಮ ಚಿಕ್ಕಂದಿನಲ್ಲಿ ಎಣಿಸಲು ಕಲಿತದ್ದೇ ಆ ನಲವತ್ತೊಂದರ ಮೇಲೆ.

“ಓ, ಅದಾ?” ಎಂದರು ನಿರ್ದೇಶಕರು. “ದೊಡ್ಡದು ಮಾಡಿದಾಗ ಗಲೀಜಾಗಿ ಕಾಣ್ತಿತ್ತು. ಚುಕ್ಕೆ ಸೇರಿಸಿ ಗೀಟು ಎಳೆದುಬಿಡು ಅಂತ ಚಿತ್ರಗಾರನಿಗೆ ನಾನೇ ಹೇಳ್ದೆ. ಈಗ ಲಕ್ಷಣವಾಗಿಲ್ವಾ?”

“ನಮ್ಮಪ್ಪ ಗೊತ್ತಿಲ್ಲ ಅಂದಿದ್ದನ್ನ ನೀವು ಗೊತ್ತು ಅನ್ಸಿದ್ದೀರಿ. ಆಮೇಲೆ ಅಜ್ಞಾನಿ ಅಂತ ಬೋರ್ಡು ಬೇರೆ! ನೀವೇ ಮಸಿ ಬಳಿದು, ಮುಖ ಕಪ್ಪು ಅಂತ ನೀವೇ ಆಡ್ಕೊಂಡ್ರೆ ಹೆಂಗೆ ಸಾರ್?”

“ನೋಡಮ್ಮ, ಇದನ್ನ ಮನಸ್ಸಿಗೆ ಹಚ್ಕೋಬೇಡಿ. ನಾವು ಹೇಳ್ತಿರೋದು ಆ ಕಾಲದ ಜನರ ಬಗ್ಗೆ.”

“ಆ ಕಾಲದ ಜನ ಇವತ್ತು ಬೆಳಗ್ಗೆ ನಮ್ಮನೇಲಿ ಟೀ ಕುಡಿದ್ರು. ಸಕ್ಕರೆ ಕಮ್ಮಿ ಅಂತ ನನ್ನ ಬೈದ್ರು ಕೂಡ.”

ನಿರ್ದೇಶಕರಿಗೆ ನಗು ಬರಲಿಲ್ಲ. “ಬೋರ್ಡು ಪ್ರಿಂಟಾಗಿದೆ, ಮುಗೀತು. ವಿಜ್ಞಾನ ಬೇರೆ, ಕಲ್ಪನೆ ಬೇರೆ. ಆ ವ್ಯತ್ಯಾಸ ಜನಕ್ಕೆ ತೋರಿಸೋದೇ ನಮ್ಮ ಕೆಲಸ.”

“ತೋರಿಸೋಣ ಅಂತೀರಾ?”

“ಹ್ಞೂಂ ಹ್ಞೂಂ, ತೋರಿಸಿ,” ಎಂದು ಅವರು ಫೋನು ಎತ್ತಿಕೊಂಡರು.

ಪ್ಲಾಸ್ಟರಮ್ಮ ಮತ್ತೆ ಎರಡನೇ ಕೋಣೆಗೆ ಬಂದಳು. ಆ ಅಸ್ಥಿಪಂಜರದಲ್ಲಿ ಇನ್ನೂರ ಹನ್ನೆರಡು ಮೂಳೆಗಳು. ಅವುಗಳಲ್ಲಿ ನೂರ ಇಪ್ಪತ್ತೇಳು ಅವಳೇ ಎರಕ ಹೊಯ್ದವು. ಬಾಲ ಪೂರ್ತಿ, ತಲೆ ಅರ್ಧ. ನೋಡುವವರಿಗೆ ಗೊತ್ತಾಗಬಾರದೆಂದು ಎಲ್ಲಕ್ಕೂ ಒಂದೇ ಕಂದು ಬಣ್ಣ ಬಳಿಯುವಂತೆ ಮೇಲಿನಿಂದ ಆಜ್ಞೆಯಾಗಿತ್ತು, ಬಳಿದಿದ್ದಳು. ಬುಧವಾರ ನಿರ್ದೇಶಕರು ಅತಿಥಿಗಳನ್ನು ಕರೆಯಲು ಹೋಗಿದ್ದಾಗ, ಬಿಳಿ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದಳು.

“ಏನಮ್ಮ, ಅದಕ್ಕೆ ಸಿಂಗಾರನಾ?” ಎಂದ ಕಾವಲುಗಾರ.

“ಇಲ್ಲಣ್ಣ, ಸಾಹೇಬ್ರ ಮಾತು ನಡೆಸ್ತಿದ್ದೀನಿ.”

ಗುರುವಾರ ರಿಬ್ಬನ್ ಕತ್ತರಿಸಿ ಒಳಬಂದ ಮುಖ್ಯ ಅತಿಥಿ ಅಸ್ಥಿಪಂಜರದ ಮುಂದೆ ನಿಂತುಬಿಟ್ಟರು. ತಲೆಯಿಂದ ಬಾಲದ ತುದಿವರೆಗೆ, ಎರಕದ ಮೂಳೆಗಳ ಮೇಲೆಲ್ಲ ಬಿಳಿ ಚುಕ್ಕೆಗಳು.

“ಇದೇನಿದು, ರೋಗವಾ?”

ಇಸ್ತ್ರಿ ಅಂಗಿಯ ಮುದುಕರು ಕೋಲೂರಿಕೊಂಡು ಮುಂದೆ ಬಂದರು.

“ಚುಕ್ಕೆ ಅಂದ್ರೆ ಅಂದಾಜು ಸ್ವಾಮಿ,” ಎಂದರು ಮೇಸ್ತ್ರಿ. ಒಂದು ಸುತ್ತು ಬಂದು ನೋಡಿದರು. “ಅಬ್ಬಬ್ಬಾ! ನಾನು ಬರೀ ರೆಕ್ಕೆ ಅಂದಾಜು ಮಾಡಿದ್ದೆ. ಇವರು ಅರ್ಧ ಪ್ರಾಣೀನೇ ಅಂದಾಜು ಮಾಡಿದ್ದಾರೆ!”

ಜನ ನಕ್ಕರು. ಮೇಸ್ತ್ರಿಯೂ ನಗುತ್ತಲೇ ಗೋಡೆಯ ಕಡೆ ತಿರುಗಿದರು. ತಮ್ಮ ಚಿತ್ರ ನೋಡಿದರು. ಫಲಕವನ್ನು ಅಕ್ಷರ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು.

“ಯಾರಪ್ಪ ಇದನ್ನ ಮಾಡ್ಸಿದ್ದು?”

ಎಲ್ಲರೂ ನಿರ್ದೇಶಕರನ್ನು ನೋಡಿದರು.

“ಅಜ್ಞಾನಿ ಅನ್ನು, ಒಪ್ಕೋತೀನಿ. ಗೊತ್ತಿಲ್ಲ ಅಂತಾನೇ ಚುಕ್ಕೆ ಇಟ್ಟಿದ್ದು ನಾನು.” ಕೋಲು ನೆಲಕ್ಕೆ ಬಡಿಯಿತು. “ನನ್ನ ಚುಕ್ಕೆ ಗೀಟು ಮಾಡೋಕೆ ನೀನ್ಯಾರೋ? ನನ್ನ ಕ್ವಾರೀಲಿ ಹಿಂಗೆ ಮಾಡಿದವನನ್ನ ಮಾರನೇ ದಿನ ಒಳಗೆ ಬಿಡ್ತಿರಲಿಲ್ಲ. ಜನ ಸಾಯ್ತಾರೆ ಕಣೋ!”

ಪ್ಲಾಸ್ಟರಮ್ಮ ಅಪ್ಪನ ತೋಳು ಹಿಡಿದುಕೊಂಡಳು. ಅವರು ಕೊಡವಿಕೊಂಡರು.

“ಬಿಡೇ. ನೀನೂ ಇಷ್ಟು ವರ್ಷ ಕಂದು ಬಣ್ಣ ಬಳಿದವಳೇ.”

ಅವಳು ಕೈ ಹಿಂದೆಗೆದುಕೊಂಡಳು.

ಶುಕ್ರವಾರ ಫಲಕವನ್ನೂ ಚಿತ್ರದ ಪ್ರತಿಯನ್ನೂ ತೆಗೆದರು. ಶನಿವಾರ ಪ್ಲಾಸ್ಟರಮ್ಮನನ್ನು ಕೆಲಸದಿಂದ ತೆಗೆದರು. ಯಾವ ಮೂಳೆ ಪ್ಲಾಸ್ಟರು, ಯಾವುದು ಕಲ್ಲಾದ ಅಸಲಿ ಮೂಳೆ ಎಂದು ಬಲ್ಲವರು ಬೇರೆ ಯಾರೂ ಇಲ್ಲದ ಕಾರಣ, ಅಸ್ಥಿಪಂಜರದ ಮೇಲಿನ ಚುಕ್ಕೆಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.