ನಡುಗಡಲಲ್ಲಿ ನಿಂತ ಲವಂಗ

ಹನುಮಂತನಗರದ ಕಮಲಾದೇವಿಯ ಬಿಸಿಬೇಳೆಬಾತ್ ಪುಡಿಗೆ ಮಡಗಾಸ್ಕರದ ಲವಂಗವೇ ಆಗಬೇಕು, ಅದು ಅವರ ಹಟ. ಭಾನುವಾರದ ಮದುವೆಗೆ ಇಪ್ಪತ್ತು ಕಿಲೋ ಪುಡಿ ಒಪ್ಪಿಕೊಂಡಾಗಿತ್ತು. ಲವಂಗದ ಹಡಗು ಮಾತ್ರ ಕಡಲ್ಗಳ್ಳರ ಸುದ್ದಿ ಕೇಳಿ ನಡುದಾರಿಯಲ್ಲೇ ನಿಂತುಬಿಟ್ಟಿತ್ತು.

“ಆ ಹಡಗನ್ನ ಕಳ್ಳರಿಂದ ಯಾರಪ್ಪಾ ಕಾಯ್ತಾರೆ?” ಎಂದು ದಿನಸಿ ಅಂಗಡಿಯ ಶಿವಕಿರಣನನ್ನು ಕೇಳಿದರು.

“ನಮ್ಮ ನೇವಿ, ಶ್ರೀಲಂಕಾದೋರು, ಮಾಲ್ಡೀವ್ಸ್‌ನೋರು, ಎಲ್ಲಾ ಸೇರಿ ಆಂಟಿ. ಒಬ್ರಿಗೆ ಅನುಮಾನದ ದೋಣಿ ಕಂಡ್ರೆ ಇನ್ನೊಬ್ರಿಗೆ ತಿಳಿಸ್ತಾರೆ.”

“ಜಗಳ ಆಡಲ್ವಾ?”

“ಆಡ್ತಾರೆ. ಆದ್ರೂ ಸಮುದ್ರ ಒಂದೇ ಅಲ್ವಾ, ಸುದ್ದಿ ಕೊಡೋದು ಮಾತ್ರ ನಿಲ್ಸಲ್ಲ.”

ಕಮಲಾದೇವಿಗೆ ಇದು ಭಾರಿ ವಿಚಿತ್ರವೆನಿಸಿತು. ಹಿಂದಿನ ಬೀದಿಯಲ್ಲಿ ಅದೇ ಪುಡಿ ಮಾರುವ ರಾಮಪ್ರಸಾದನೊಡನೆ ಅವರು ಮಾತು ಬಿಟ್ಟು ಆರು ವರ್ಷ. ಅವನ ಮನೆಯಲ್ಲಿ ಲವಂಗ ಇದೆಯೋ ಇಲ್ಲವೋ ಎಂದು ಕೂಡ ವಿಚಾರಿಸಿರಲಿಲ್ಲ. ಏನಾಗುತ್ತದೋ ನೋಡೇಬಿಡೋಣ ಎಂದು ಚಪ್ಪಲಿ ಮೆಟ್ಟಿ ಹೋಗಿ ಬಾಗಿಲು ತಟ್ಟಿದರು.

“ಲವಂಗ ಇದ್ಯೇನ್ರೀ?”

ರಾಮಪ್ರಸಾದ ಕನ್ನಡಕ ಏರಿಸಿ ನೋಡಿದ. “ಡಬ್ಬದ ತುಂಬ ಇದೆ ಕಮಲಮ್ಮ, ಮಡಗಾಸ್ಕರದ್ದೇ. ಸಿಲೋನ್ ಚಕ್ಕೆ ಮುಗಿದು ಮೂರು ದಿನದಿಂದ ಮೆಷಿನ್ ಮುಟ್ಟಿಲ್ಲ. ನಾಚಿಕೆ ಬಿಟ್ಟು ನಾನೇ ಬರ್ಬೇಕಿತ್ತು.”

“ಚಕ್ಕೆ ನನ್ ಹತ್ರ ಎರಡು ಕಿಲೋ ಇದೆ. ನಾಚಿಕೆ ಆಮೇಲೆ ಪಡಿ, ಮೊದಲು ಚೀಲ ತನ್ನಿ.”