ಪಿಳ್ಳಮ್ಮನಿಗೆ ಬೈ

ಚಿಕ್ಕಬೈರಪ್ಪ ಒದ್ದೆ ಬಟ್ಟೆಯನ್ನು ಹಿಂಡಿ ಬೋರ್ಡಿನ ಮೂಲೆಗೆ ಒತ್ತುವಷ್ಟರಲ್ಲಿ ಸೀತಾ ಒಳಗಿನಿಂದ ಬಂದು ಅವನ ಮಣಿಕಟ್ಟು ಹಿಡಿದಳು. ಹನ್ನೆರಡು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕನ ಕೈ. ಅವಳು ಎಂದೂ ಮುಟ್ಟಿದ್ದಲ್ಲ. ಇಬ್ಬರೂ ಒಂದು ಗಳಿಗೆ ಆ ಕೈಯನ್ನೇ ನೋಡಿದರು.

"ಅಳಿಸ್ಬೇಡಿ."

"ಎಲ್ಲ ಅಳಿಸಾಕಿಲ್ಲ ಅಮ್ಮಾವ್ರೇ. ಒಂದೇ ಒಂದು ಸಾಲು."

"ಒಂದಕ್ಷರಾನೂ ಬೇಡ. ನಿನ್ನೆ ಸಾಯಂಕಾಲ ಬರೆದಿದ್ದು ಅವರು. ಇನ್ನೊಂದ್ಸಲ ಬರೀತಾರಾ?"

ಬಟ್ಟೆ ಕೆಳಗಿಳಿಯಿತು. ಅಷ್ಟರಲ್ಲೇ ಒಂದು ಹನಿ ಜಾರಿ, ಮೂಲೆಯಲ್ಲಿದ್ದ 'ಸ್ಥಳ: ಬೈರಪ್ಪನವರ ಕಣ' ಎಂಬಲ್ಲಿನ ಕೊನೆಯ 'ಣ'ದ ಕೊಂಕನ್ನು ತೊಳೆದುಕೊಂಡು ಹೋಗಿತ್ತು.

ಬೋರ್ಡು ಎಂದರೆ ಕಪ್ಪು ಬಣ್ಣ ಬಳಿದ ಒಂದು ತಗಡು. ಅದರ ಕೆಳಗೇ ಜಗಲಿಯ ಮೇಲೆ ಸೀತಾಳ ಗಂಡ ಪಟ್ಟಾಭಿರಾಮ ಮಲಗಿದ್ದ, ಮೂಗಿಗೆ ಹತ್ತಿ, ತಲೆ ದಕ್ಷಿಣಕ್ಕೆ. ಪೀಣ್ಯದ ಕಾರ್ಖಾನೆಯೊಂದರ ಟೂಲ್ ಸ್ಟೋರಿನಲ್ಲಿ ಗುಮಾಸ್ತ, ವಯಸ್ಸು ಐವತ್ತೈದು. ಬೆಳಿಗ್ಗೆ ಕಾಫಿಯ ಲೋಟವನ್ನು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡು, ಏನೋ ಮರೆತವನ ಹಾಗೆ ಸೀತಾಳ ಕಡೆ ನೋಡಿದ್ದ. ಅಷ್ಟೇ. ಅವನ ತಲೆಯ ಮೇಲೆ, ಅವನದೇ ಗುಂಡು ಅಕ್ಷರಗಳಲ್ಲಿ: 'ಒಂಬತ್ತನೇ ವರ್ಷದ ಸ್ನೇಹದ ಪಂದ್ಯಗಳು. ಭಾನುವಾರ ಬೆಳಿಗ್ಗೆ ಎಂಟಕ್ಕೆ.' ಕೆಳಗೆ ರಿಂಗ್, ಕೇರಂ, ಗೂಟಕ್ಕೆ ಬಳೆ ಎಸೆಯುವ ಆಟ, ಚೌಕಾಬಾರ. ಪ್ರತಿ ಸಾಲಿನಲ್ಲೂ ಎರಡೆರಡು ಹೆಸರು. ಕಟ್ಟಕಡೆಯ ಸಾಲು: 'ಪಟ್ಟಾಭಿರಾಮ — ಪಿಳ್ಳಮ್ಮ.'

ಪಿಳ್ಳಮ್ಮ ಚಿಕ್ಕಬೈರಪ್ಪನ ತಾಯಿ.

"ಒತ್ತಾರೆ ಎಷ್ಟೊತ್ಗೆ ಓಗಿದ್ದು?" ಎಂದು ಟೀ ಅಂಗಡಿಯ ನರಸಪ್ಪ ಕೇಳಿದ. "ಸೂರ್ಯ ಉಟ್ಟೋಕೆ ಮುಂಚೆ ಆಗಿದ್ರೆ ಇನ್ನೂ ಸುಕ್ರವಾರಾನೇ ಲೆಕ್ಕ."

"ಆರೂವರೆ ಸೈರನ್ ಕೇಳಿಸ್ತು, ಆಮೇಲೆ," ಎಂದಳು ಸೀತಾ.

"ಅಂಗಾರೆ ಸನಿವಾರಾನೇ." ನರಸಪ್ಪನ ದನಿ ಇಳಿಯಿತು.

"ಸನಿವಾರದ ಎಣ ಒಂಟಿಯಾಗಿ ಓಗಾಕಿಲ್ಲ ಅಮ್ಮಾವ್ರೇ, ಜೊತೆ ಕೇಳ್ತದೆ," ಎಂದ ಚಿಕ್ಕಬೈರಪ್ಪ. "ಇಲ್ ನೋಡಿದ್ರೆ ಸ್ವಾಮ್ಯೋರು ಯಾರ್ ಜೊತೆ ಅಂತ ಬರ್ದಿಟ್ಟೇ ಓಗವ್ರೆ. ನಮ್ಮವ್ವಂಗೆ ಎಪ್ಪತ್ತೆಂಟು."

ಮಲ್ಲೇಶ್ವರದಿಂದ ಬಂದಿದ್ದ ಪಟ್ಟಾಭಿರಾಮನ ಅಣ್ಣ ದ್ವಾರಕಾನಾಥ ಮಡಿಪಂಚೆ ಸರಿಪಡಿಸಿಕೊಳ್ಳುತ್ತ ಹತ್ತಿರ ಬಂದ. "ಅದಕ್ಕೆ ಪರಿಹಾರ ಇದೆಯಲ್ರೀ. ಚಟ್ಟಕ್ಕೆ ಒಂದು ತೆಂಗಿನಕಾಯಿ ಕಟ್ಟಿದ್ರೆ ಅದೇ ಜೊತೆ ಅಂತ ಪುರೋಹಿತರು ಹೇಳಿದಾರೆ."

"ಕಾಯಿ ಸಾಲ್ದು ಸ್ವಾಮಿ. ಕೋಳಿಮರಿ ಕಟ್ಬೇಕು," ಎಂದ ನರಸಪ್ಪ.

"ಕೋಳಿಮರಿನಾ! ನಮ್ಮಲ್ಲಿ ಅದೆಲ್ಲ ಇಲ್ಲಪ್ಪ."

"ನಿಮ್ಮಲ್ಲಿ ಇಲ್ದಿದ್ರೇನು, ನಮ್ಮನೇಲೈತೆ, ತರ್ತೀನಿ ತಡೀರಿ."

ಅಳುತ್ತಿದ್ದ ಯಾರೋ ಮೂಗಿನಲ್ಲೇ ನಕ್ಕರು. ಚಿಕ್ಕಬೈರಪ್ಪ ನಗಲಿಲ್ಲ.

"ಕಾಯಿನೋ ಕೋಳಿನೋ, ಅದು ಬೇರೆ. ಬರವಣಿಗೆ ಬೇರೆ. ನಮ್ ಒಲ ಎಂಗೋಯ್ತು? ಕಾರ್ಖಾನೆಗೆ ಬೇಕು ಅಂತ ಚಾವಡಿ ಗೋಡೆಗೆ ಎಸ್ರು ಬರ್ದು ಅಂಟಿಸಿದ್ರು, ಓಯ್ತು. ನಮ್ಮವ್ವ ಎದೆ ಎದೆ ಬಡ್ಕೊಂಡ್ಲು. ಯಾರಾದ್ರೂ ಅಳಿಸಿದ್ರಾ?"

ಅವನ ಕೈಯಲ್ಲಿನ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನ ಭಯ ಸುಳ್ಳಲ್ಲ ಎಂದು ಸೀತಾಳಿಗೆ ಗೊತ್ತಾಗುತ್ತಿತ್ತು. ಆದರೆ ಮೂವತ್ತು ವರ್ಷದಲ್ಲಿ ಒಂದು ವಾರವೂ ಬಿಟ್ಟಿರದ ಗಂಡ ಅವಳಿಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಬರೆಯುವ ಸಂದರ್ಭವೇ ಬಂದಿರಲಿಲ್ಲ. ಅವನ ಕೈಬರಹ ಎಂದು ಈ ಮನೆಯಲ್ಲಿ ಉಳಿದದ್ದು ಈ ತಗಡು.

ಅವಳು ಬೋರ್ಡಿಗೆ ಬೆನ್ನು ಕೊಟ್ಟು, ಗಂಡನ ತಲೆಯ ಬಳಿ ಕುಳಿತುಬಿಟ್ಟಳು.

*

ಎಪ್ಪತ್ತಾರನೇ ಇಸವಿಯಲ್ಲಿ, ಮೊದಲ ಸಲ ಪಂದ್ಯ ನಡೆಸಿದಾಗ, ಈ ಮಾಕಳಿ ಹಳ್ಳಿಯಲ್ಲಿ ಬಾಡಿಗೆಗಿದ್ದ ಕಾರ್ಖಾನೆಯವರಿಗೂ ಊರಿನವರಿಗೂ ಬಾಡಿಗೆ ಮತ್ತು ಬಾವಿಯ ನೀರು ಬಿಟ್ಟರೆ ಬೇರೆ ಮಾತಿರಲಿಲ್ಲ. ಪಟ್ಟಾಭಿರಾಮನಿಗೆ ಯಾವ ಆಟವೂ ಬರುತ್ತಿರಲಿಲ್ಲ. ಅವನು ಎಸೆದ ರಿಂಗು ಒಮ್ಮೆ ದನದ ಕೊಂಬಿಗೆ ಬಿದ್ದು ಮೂರು ದಿನ ಊರೆಲ್ಲ ತಿರುಗಿತ್ತು. ಆದರೆ ಹೆಸರು ಜೋಡಿಸುವುದು ಅವನಿಗೆ ಬರುತ್ತಿತ್ತು. ಅವನದು ಒಂದೇ ನಿಯಮ: ಪ್ರತಿ ಸಾಲಿನಲ್ಲೂ ಒಂದು ಹೆಸರು ಊರಿನದು, ಒಂದು ಕಾರ್ಖಾನೆಯದು.

ಚೌಕಾಬಾರಕ್ಕೆ ಒಂದು ಹೆಸರು ಹೆಚ್ಚಾಯಿತು. ಅದರ ಮುಂದೆ ಅವನು 'ಬೈ' ಎಂದು ಬರೆದ.

ಮಾರನೆಯ ದಿನ ಪಿಳ್ಳಮ್ಮ ಕೋಲು ಕುಟ್ಟುತ್ತ ಬಂದು ಅಂಗಳದಲ್ಲಿ ನಿಂತಳು.

"ಏನ್ ಸ್ವಾಮಿ, ನಾನೇನ್ ತಪ್ಪು ಮಾಡ್ದೆ ಅಂತ ಊರಿಗೆಲ್ಲ ಅಂಗೆ ಬರ್ದಾಕಿದ್ದೀಯ?"

"ಏನು ಬರೆದೆ ಪಿಳ್ಳಮ್ಮನವರೇ?"

"ಪಿಳ್ಳಮ್ಮಂಗೆ ಬೈ ಅಂತ ಬರ್ದಿಲ್ವಾ? ಆ ನರಸಪ್ಪ ಓದಿ ಏಳ್ದ. ಏಳಿದ್ದಲ್ದೆ, ಬೋರ್ಡ್ನಾಗೆ ಬರ್ದೈತಲ್ಲ ಅಂತ ಅಂಗಡಿ ಮುಂದೆ ನಿಲ್ಲಿಸ್ಕೊಂಡು ಬೈದ್ಬಿಟ್ಟ, ಮುಂಡೇಮಗ!"

ಪಟ್ಟಾಭಿರಾಮ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡ. "ಅದು ಬೈಗುಳ ಅಲ್ಲ. ಜೊತೆ ಸಿಗದೇ ಇದ್ದವರು ಆಡದೆ ಮುಂದಿನ ಸುತ್ತಿಗೆ ಹೋಗ್ತಾರೆ. ಅದಕ್ಕೆ ಬೈ ಅಂತಾರೆ."

ಪಿಳ್ಳಮ್ಮ ಯೋಚಿಸಿದಳು. "ಅಂದ್ರೆ, ಬೈಸ್ಕೊಂಡೋರು ಮುಂದಕ್ಕೋಯ್ತಾರೆ."

"ಹೂಂ, ಹಾಗೇ ಅಂದ್ಕೊಳ್ಳಿ."

"ಜೊತೆ ಇಲ್ದೆ ಮುಂದಕ್ಕೋಗಿ ಏನ್ ಮಾಡ್ಲಿ ಸ್ವಾಮಿ? ಇಪ್ಪತ್ತೊರ್ಸದಿಂದ ಜೊತೆ ಇಲ್ದೆ ಮುಂದಕ್ಕೇ ಓಗ್ತಾ ಇವ್ನಿ. ನಂಗೆ ಆಟ ಬೇಕು."

ಅವನು ಕನ್ನಡಕ ಹಾಕಿಕೊಂಡ. 'ಬೈ' ಅಳಿಸಿ ಆ ಜಾಗದಲ್ಲಿ ತನ್ನ ಹೆಸರು ಬರೆದ. ಆ ಆಟದಲ್ಲಿ ಹೀನಾಯವಾಗಿ ಸೋತ. ಅಂದಿನಿಂದ ಪ್ರತಿ ವರ್ಷವೂ ಚೌಕಾಬಾರದ ಒಂದು ಆಟ ಅವರಿಬ್ಬರದೇ, ಪ್ರತಿ ವರ್ಷವೂ ಅವಳದೇ ಗೆಲುವು. ಬೇಕಂತಲೇ ಸೋಲ್ತೀರಲ್ಲ ಎಂದು ಸೀತಾ ಕೇಳಿದರೆ, "ಇಲ್ಲ ಕಣೇ, ಸತ್ಯವಾಗ್ಲೂ ಬರಲ್ಲ," ಎನ್ನುತ್ತಿದ್ದ. ಅದು ಸತ್ಯವೇ ಆಗಿತ್ತು.

ಆಟದ ನಡುವೆ ಕವಡೆ ಗರ ಕೊಡದಿದ್ದಾಗ ಅವನು ಮಣ್ಣಿನಲ್ಲಿ ಬೆರಳಿಟ್ಟು ಅವಳಿಗೆ ಆ 'ಬೈ' ಅಕ್ಷರ ಕಲಿಸಿದ್ದ. ಮುಂದೆ ಯಾರೂ ನಿಮ್ಮನ್ನು ಏಮಾರಿಸಬಾರದು ನೋಡಿ, ಎಂದು.

"ಬುಟ್ಟಿಗೆ ಬಾಲ ಬಂದಂಗೈತೆ," ಎಂದಿದ್ದಳು ಪಿಳ್ಳಮ್ಮ. ಬೇರೆ ಅಕ್ಷರ ಕಲಿಯಲು ಅವಳು ಒಪ್ಪಲಿಲ್ಲ. ಒಂದು ಸಾಕು, ಎಂದಳು.

*

ಹನ್ನೊಂದರ ಹೊತ್ತಿಗೆ ಕಾರ್ಖಾನೆಯಿಂದ ಲಕ್ಷ್ಮಣಪ್ಪ ಬಂದ, ಹಾರ ಹಿಡಿದುಕೊಂಡು, ಇನ್ನೂ ಖಾಕಿ ಅಂಗಿಯಲ್ಲೇ. ಟೂಲ್ ಸ್ಟೋರಿನಲ್ಲಿ ಪಟ್ಟಾಭಿರಾಮನ ಪಕ್ಕದ ಮೇಜು ಅವನದು.

"ಅಮ್ಮಾ, ನಮ್ಮ ಸ್ಟೋರಲ್ಲಿ ಸಾರ್‌ದು ಒಂದು ರೂಲ್ ಇತ್ತು. ಕೊಕ್ಕೇಲಿ ಒಂದೋ ಟೂಲ್ ಇರ್ಬೇಕು, ಇಲ್ಲ ತಗೊಂಡೋಗಿರೋನ ಟೋಕನ್ ಇರ್ಬೇಕು. ಖಾಲಿ ಕೊಕ್ಕೆ ಕಂಡ್ರೆ ಊಟಕ್ಕೂ ಏಳ್ತಿರ್ಲಿಲ್ಲ." ಅವನು ಹಾರವನ್ನು ಸೀತಾಳತ್ತ ಚಾಚಿದ. "ಇವತ್ತು ಸಾರ್ ಕುರ್ಚಿ ಮೇಲೆ ನನ್ನ ಟೋಕನ್ ಇಟ್ಟು ಬಂದೆ. ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ ಅಮ್ಮಾ."

ಸೀತಾ ಹಾರ ತೆಗೆದುಕೊಂಡು ಗಂಡನ ಎದೆಯ ಮೇಲಿಟ್ಟಳು. ಅವನ ಬಲಗೈಯ ತೋರುಬೆರಳು ಹೆಬ್ಬೆರಳುಗಳ ಸಂದಿಯಲ್ಲಿ ಸೀಮೆಸುಣ್ಣ ಇನ್ನೂ ಉಳಿದಿತ್ತು. ಸ್ನಾನ ಮಾಡಿಸಿದರೂ ಹೋಗಿರಲಿಲ್ಲ.

"ನಿನ್ನೆ ನಾನು ಬೈದೆ," ಎಂದಳು ಅವಳು, ಯಾರಿಗೂ ಅಲ್ಲ ಎಂಬಂತೆ. "ಆಗಷ್ಟೇ ಒರೆಸಿದ ಜಗಲಿ ಮೇಲೆಲ್ಲ ಸುಣ್ಣ ಉದುರಿಸಿದೀರಲ್ಲ, ನಿಮಗೆ ಬುದ್ಧಿ ಯಾವಾಗ ಬರುತ್ತೆ ಅಂದೆ. ಆಮೇಲೆ ಮಾತಾಡ್ಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟಾಗ್ಲೂ ಮಾತಾಡ್ಲಿಲ್ಲ."

"ಒಳ್ಳೇದೇ ಆಯ್ತು ಕಣವ್ವ."

ಎಲ್ಲರೂ ತಿರುಗಿದರು. ಬಾಗಿಲಿಗೆ ಚಿಲಕ ಹಾಕಿ ಮಗ ಮನೆಯೊಳಗೆ ಕೂರಿಸಿದ್ದ ಪಿಳ್ಳಮ್ಮ ಹಿತ್ತಿಲಿನಿಂದ ಸುತ್ತಿಕೊಂಡು ಬಂದು ಜಗಲಿಯ ಕೆಳಗೆ ನಿಂತಿದ್ದಳು.

"ಅವ್ವಾ! ಯಾಕ್ ಬಂದೆ ಇಲ್ಲಿಗೆ? ನಡಿ ಒಳಕ್ಕೆ!"

"ಸುಮ್ಕಿರ್ಲಾ. ನನ್ ಆಟ ಐತೆ ಇಲ್ಲಿ." ಅವಳು ಸೀತಾಳ ಕಡೆ ನೋಡಿದಳು. "ಬೈಸ್ಕೊಂಡೋರು ಮುಂದಕ್ಕೋಯ್ತಾರೆ ತಾಯಿ. ಸ್ವಾಮ್ಯೋರೇ ಏಳಿದ್ರು ನಂಗೆ."

ಬೆಳಗಿನಿಂದ ಅಳದಿದ್ದ ಸೀತಾ ಆಗ ಅತ್ತಳು. ಅಳುವಿನ ನಡುವೆ ಎಲ್ಲೋ ಒಂದು ನಗುವೂ ಇತ್ತು.

ಚಟ್ಟ ಸಿದ್ಧವಾಯಿತು. ದ್ವಾರಕಾನಾಥ ತೆಂಗಿನಕಾಯಿ ಕಟ್ಟಿಸಿದ. ನರಸಪ್ಪ ಪಂಚೆಯ ಮಡಿಲಲ್ಲಿ ಏನೋ ಬಚ್ಚಿಟ್ಟುಕೊಂಡು ಬಂದಿದ್ದ. ಅದು ಒಮ್ಮೆ ಚಿಂವ್ ಎಂದಿತು, ಯಾರೂ ಕೇಳಿಸಿಕೊಳ್ಳದವರಂತೆ ಇದ್ದರು. ಚಿಕ್ಕಬೈರಪ್ಪನ ಕಣ್ಣು ಮಾತ್ರ ಬೋರ್ಡಿನ ಕೊನೆಯ ಸಾಲನ್ನು ಬಿಡಲಿಲ್ಲ. ಬಟ್ಟೆ ಅವನ ಕೈಯಲ್ಲೇ ಒಣಗಿತ್ತು.

ಪಿಳ್ಳಮ್ಮ ಕೋಲೂರಿ ಮೆಟ್ಟಿಲು ಹತ್ತಿದಳು. "ನನ್ ಎಸ್ರು ಯಾವ್ದು?"

ಲಕ್ಷ್ಮಣಪ್ಪ ತೋರಿಸಿದ.

"ತಾಯಿ, ನಂದೊಂದನ್ನ ಅಳಿಸ್ಕೊಳ್ಳಾ? ಸ್ವಾಮ್ಯೋರ ಎಸ್ರು ಮುಟ್ಟಾಕಿಲ್ಲ."

ಅದೂ ಅವನ ಅಕ್ಷರವೇ. 'ಳ್ಳ'ದ ಒತ್ತನ್ನು ಅವನು ಯಾವಾಗಲೂ ದೊಡ್ಡದಾಗಿ, ತೂಕ ಹೊತ್ತಂತೆ ಬರೆಯುತ್ತಿದ್ದ. ಸೀತಾ ಅದನ್ನು ಒಮ್ಮೆ ಪೂರ್ತಿಯಾಗಿ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಪಿಳ್ಳಮ್ಮ ಸೆರಗಿನ ತುದಿಯಿಂದ ತನ್ನ ಹೆಸರನ್ನು ಒರೆಸಿದಳು. ಕಿಟಕಿಯ ಮೇಲಿದ್ದ ಸೀಮೆಸುಣ್ಣದ ತುಂಡು ತೆಗೆದುಕೊಂಡು, ಗೋಡೆಗೆ ಎಡಗೈ ಊರಿ, ಖಾಲಿಯಾದ ಜಾಗದಲ್ಲಿ ನಿಧಾನವಾಗಿ ಒಂದು ಬುಟ್ಟಿ ಬರೆದಳು. ಅದಕ್ಕೊಂದು ಬಾಲ ಎಳೆದಳು.

"ಈಗ ಯಾರ ಜೊತೇನೂ ಬೇಡ," ಎಂದಳು. "ಒಬ್ರೇ ಓಗ್ಬೋದು."

ಚಿಕ್ಕಬೈರಪ್ಪ ಅದನ್ನು ನೋಡಿದ. ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. "ಮತ್ತೆ ನಿನ್ ಆಟ ಅವ್ವಾ?"

"ಮುಂದಿನ್ ಸುತ್ತಿನಾಗೆ ಸಿಗ್ತಾರೆ ಬಿಡು."

"ಅವ್ವಾ!"

"ಅವಸ್ರ ಏನಿಲ್ಲ ಕಣ್ಲಾ. ಅಲ್ಲೀಗಂಟ ಅವ್ರೂ ವಸಿ ಕಲ್ತ್ಕಳ್ಲಿ."

ಲಕ್ಷ್ಮಣಪ್ಪ ಮೆಲ್ಲಗೆ ಕೇಳಿದ: "ಅಮ್ಮಾ, ನಾಳೆ...?"

"ಎಂಟಕ್ಕೆ ಅಂತ ಬರೆದಿದಾರಲ್ಲ," ಎಂದಳು ಸೀತಾ.

ಚಟ್ಟ ಎತ್ತಿದರು. ಮುಂದೆ ಬೆಂಕಿಯ ಮಡಕೆ ಹಿಡಿದ ದ್ವಾರಕಾನಾಥ, ಹಿಂದೆ ಖಾಕಿ ಅಂಗಿಗಳು, ಊರಿನ ಟವೆಲುಗಳು. ತುಮಕೂರು ರಸ್ತೆಯಲ್ಲಿ ಒಂದು ಲಾರಿ ನಿಂತು ದಾರಿ ಬಿಟ್ಟಿತು.

ಹೆಣ ತಿರುವು ದಾಟಿದ ಮೇಲೆ ಹೆಂಗಸರು ಜಗಲಿ ತೊಳೆಯಲು ನೀರು ತಂದರು. ಗೋಡೆಯ ಹತ್ತಿರ ಬಂದಾಗ ಒಬ್ಬೊಬ್ಬರೂ ಕೊಡವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಎಳೆಮಗುವಿನ ತಲೆಗೆ ಹೊಯ್ಯುವಂತೆ ಹೊಯ್ದರು. ಬೋರ್ಡಿಗೆ ಒಂದು ಹನಿಯೂ ಸಿಡಿಯಲಿಲ್ಲ. ಗುಂಡಾದ 'ಪಟ್ಟಾಭಿರಾಮ'ದ ಪಕ್ಕದಲ್ಲಿ ಆ ಸೊಟ್ಟ 'ಬೈ' ನಿಂತಿತ್ತು. ಅದರ ಬಾಲ ತಗಡಿನ ಅಂಚು ದಾಟಿ ಗೋಡೆಯ ಮೇಲೂ ಒಂದು ಗೇಣು ಹೋಗಿತ್ತು.